ಒಂದು ನೀಲಿ ಕಲ್ಲು ಕಡಿಮೆ

ಕಳೆದ ತಿಂಗಳು ಮತ್ತೆ ಮನೆ ಬದಲಿಸಿದೆವು. ಪುಣೆಗೆ ಬಂದ ಮೂವತ್ತು ವರ್ಷಗಳಲ್ಲಿ ಇದು ಆರನೆಯದು. ಹೊರನಾಡಿನಲ್ಲಿ ಬಾಡಿಗೆ ಮನೆಗಳ ನಡುವೆ ಬದುಕಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದು ತಿಂಗಳ ಕರಾರು, ಮಾಲೀಕರ ಮಗ ವಿದೇಶದಿಂದ ವಾಪಸು ಬರುತ್ತಾನೆಂಬ ಸುದ್ದಿ, ರಟ್ಟಿನ ಡಬ್ಬಿಗಳು, ಟೆಂಪೊ. ಸಾಮಾನು ಹೊರಲು ಬಂದ ಹುಡುಗ ಕಪಾಟಿನ ಮೇಲಿದ್ದ ಒಂದು ಮರದ ಪೆಟ್ಟಿಗೆಯನ್ನು ಹಗುರವೆಂದು ತಿಳಿದು ಒಂದೇ ಕೈಯಲ್ಲಿ ಎಳೆದ. ಅದು ಜಗ್ಗಿತು. ಮುಚ್ಚಳ ಜರುಗಿ ಒಳಗಿನದು ನಾಲ್ಕಾರು ನೆಲಕ್ಕೆ ಬಿತ್ತು. "ಕಾಕಾ, ಹ್ಯಾತ್ ಕಾಯ್ ದಗಡ್ ಆಹೇತ್ ಕಾ?" ಅಂದ. ಇದರಲ್ಲೇನು ಕಲ್ಲು ತುಂಬಿದ್ದೀರಾ ಅಂತ. "ಹೌದಪ್ಪಾ, ಕಲ್ಲೇ" ಅಂದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಆ ಪೆಟ್ಟಿಗೆಯ ಮೇಲೆ ಹಡಗಿನ ಲಂಗರಿನ ಚಿತ್ರವಿದೆ. ಒಳಗೆ ನೂರಕ್ಕೆ ತುಸು ಮೇಲೆ ಕಲ್ಲುಗಳು. ಇಟ್ಟಿಗೆಯ ಕೆಂಪು, ಮರಳುಗಲ್ಲಿನ ಹಳದಿ, ಮಾಳಿಗೆಗೆ ಹೊದಿಸುವ ಸ್ಲೇಟಿನ ನೀಲಿ, ಈ ಮೂರೇ ಬಣ್ಣ. ಮಕ್ಕಳ ಆಟಿಕೆ. ಜರ್ಮನಿಯ ರುಡೊಲ್‌ಸ್ಟಾಟ್ ಎಂಬ ಸಣ್ಣ ಊರಿನಲ್ಲಿ 1880ರ ದಶಕದಿಂದ 1963ರವರೆಗೆ ತಯಾರಾಗಿ, ಲೋಕವೆಲ್ಲ ಸುತ್ತಿ, ಒಂದು ದಿನ ನಿಂತುಹೋದದ್ದು. ಇದು ನನ್ನ ಮನೆಗೆ ಬಂದ ಕಥೆಯನ್ನೂ ಅದರ ಸ್ವಂತ ಕಥೆಯನ್ನೂ ಈ ಸಲ ಹೇಳುತ್ತೇನೆ. ಎರಡನೆಯದು ಹೆಚ್ಚು ಸ್ವಾರಸ್ಯದ್ದು.

2006ರಲ್ಲಿ ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಯೇನಾ ಪಟ್ಟಣದಲ್ಲಿದ್ದೆ. ಹಿಂದಿನ ಪೂರ್ವ ಜರ್ಮನಿಯ ಭಾಗ ಅದು. ಒಬ್ಬ ವಿಧವೆಯ ಮನೆಯ ಮಾಳಿಗೆ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅರವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ. ಭಾನುವಾರಗಳು ನನಗೆ ಭಾರವಾಗುತ್ತಿದ್ದವು. ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಮಾತಾಡಲು ಜನವಿಲ್ಲ, ಅವರೇಕಾಳಿನ ಹುಳಿಯ ನೆನಪು. ಅಂಥ ಒಂದು ಮಳೆಯ ಮಧ್ಯಾಹ್ನ ಆಕೆ ಕಾಫಿಗೆ ಕರೆದು, ಸುಮ್ಮನೆ ಕೂತ ನನ್ನನ್ನು ನೋಡಿ ಬೇಸರ ಬಂತೋ ಏನೋ, ಒಳಗಿನಿಂದ ಈ ಥರದ್ದೇ ಒಂದು ಹಳೆಯ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ಐವತ್ತರ ದಶಕದಲ್ಲಿ ಅವರು ಆಡಿದ್ದು. ಅದಕ್ಕೂ ಮೊದಲು ಅವರ ಅಪ್ಪ ಆಡಿದ್ದು.

ಒಂದು ಕಲ್ಲನ್ನು ಕೈಗೆ ತಗೊಂಡೆ. ಇಷ್ಟು ವರ್ಷ ಯಂತ್ರಗಳ ಜೊತೆ ಕಳೆದವನು ನಾನು. ಕೈಗೆ ಬಂದ ವಸ್ತುವಿನ ಅಂಚನ್ನು ಬೆರಳು ತಾನಾಗಿಯೇ ಸವರುತ್ತದೆ. ಅಂಚು ಚೂಪು, ಮೈ ನುಣುಪು, ತಣ್ಣಗೆ. ನಿಜವಾದ ಕಲ್ಲಲ್ಲ, ಆದರೆ ಪ್ಲಾಸ್ಟಿಕ್ಕಂತೂ ಅಲ್ಲವೇ ಅಲ್ಲ. ಇದು ಯಾತರಿಂದ ಮಾಡಿದ್ದು ಎಂದು ಕೇಳಿದೆ. ಮರಳು, ಸುಣ್ಣದ ಪುಡಿ, ಅಗಸೆ ಎಣ್ಣೆ ಎಂದರು. ಜರ್ಮನ್ ಶಬ್ದ ನನಗೆ ತಿಳಿಯಲಿಲ್ಲ. ಅಡುಗೆಮನೆಯಿಂದ ಒಂದು ಚೀಲ ತಂದು ಕಾಳು ತೋರಿಸಿದರು. ನಮ್ಮ ಅಗಸಿ! ಧಾರವಾಡದ ಕಡೆ ರೊಟ್ಟಿಗೆ ಚಟ್ನಿಪುಡಿ ಕುಟ್ಟುತ್ತೇವಲ್ಲ, ಅದೇ. ಏಳು ಸಾವಿರ ಕಿಲೋಮೀಟರು ದೂರ ಬಂದು ಅಗಸಿಯನ್ನು ಕಂಡ ಸಂತೋಷಕ್ಕೆ ನಾನು ನಗತೊಡಗಿದ್ದು ಅವರಿಗೆ ಅರ್ಥವಾಗಲಿಲ್ಲ.

ಈ ಎಣ್ಣೆಯ ಗುಣ ಸ್ವಲ್ಪ ಹೇಳಬೇಕು. ಶೇಂಗಾ ಎಣ್ಣೆ ಎಷ್ಟು ದಿನ ಇಟ್ಟರೂ ಜಿಡ್ಡಾಗಿಯೇ ಇರುತ್ತದೆ. ಅಗಸೆ ಎಣ್ಣೆ ಹಾಗಲ್ಲ, ಗಾಳಿಯ ಆಮ್ಲಜನಕ ಹೀರಿ ತಾನೇ ಗಟ್ಟಿಯಾಗುತ್ತದೆ. ತೈಲವರ್ಣದ ಚಿತ್ರಗಳು ಶತಮಾನಗಟ್ಟಲೆ ಉಳಿದದ್ದು ಇದರಿಂದಲೇ. ಹಿಂದೆ ಬಡಿಗೇರರು ಕಿಟಕಿಯ ಗಾಜು ಕೂರಿಸಲು ಮೆತ್ತುತ್ತಿದ್ದ ಪುಟ್ಟಿಯೂ ಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆಯ ಕಲಸುವಿಕೆಯೇ. ಆ ಪುಟ್ಟಿಗೆ ನುಣುಪಾದ ಬಿಳಿ ಮರಳು ಮತ್ತು ಬಣ್ಣ ಸೇರಿಸಿ, ಅಚ್ಚಿನಲ್ಲಿ ಒತ್ತಿ, ಒಲೆಯಲ್ಲಿ ಕಾಯಿಸಿದರೆ ಈ ಕಲ್ಲು. ಇಷ್ಟು ಸರಳ. ಆದರೆ ಇದನ್ನು ಮೊದಲು ಹೊಳೆಯಿಸಿಕೊಂಡವರು ಆಟಿಕೆಯವರಲ್ಲ.

ಅವರ ಹೆಸರು ಕೇಳಿದರೆ ನಿಮಗೆ ಬೇರೆಯೇ ಚಿತ್ರ ನೆನಪಾಗಬಹುದು. ಬಾವಲಿಯಂಥ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಹಾರುವ ಗಡ್ಡದ ಮನುಷ್ಯ, ಓಟೊ ಲಿಲಿಯೆಂಟಾಲ್. ರೈಟ್ ಸೋದರರಿಗೂ ಮೊದಲು ಆಕಾಶವನ್ನು ಗಂಭೀರವಾಗಿ ತೆಗೆದುಕೊಂಡವನು. ಅವನೂ ತಮ್ಮ ಗುಸ್ತಾವನೂ ಬಾಲ್ಟಿಕ್ ತೀರದ ಬಳಿಯ ಅಂಕ್ಲಾಮ್ ಊರಿನವರು, ಒಂದು ವರ್ಷದ ಅಂತರ. ಅಣ್ಣ ಎಂಜಿನಿಯರ್, ತಮ್ಮ ವಾಸ್ತುಶಿಲ್ಪಿ. 1870ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಇಬ್ಬರೂ ಹಕ್ಕಿಯ ರೆಕ್ಕೆಯ ಲೆಕ್ಕ ಹಾಕುತ್ತ, ಹೊಟ್ಟೆಪಾಡಿಗೆ ಏನಾದರೊಂದು ಬೇಕಲ್ಲ ಎಂದು ಈ ಕಲ್ಲಿನ ಇಟ್ಟಿಗೆಗಳನ್ನು ಮಾಡಿದರು. ಮರದ ತುಂಡುಗಳಿಗಿಂತ ನಿಖರ, ತೂಕದ್ದು, ನಿಜವಾದ ಕಟ್ಟಡದ ಬಣ್ಣ. ಎಲ್ಲ ಸರಿ, ಮಾರಾಟ ಮಾತ್ರ ಆಗಲಿಲ್ಲ. ಯಂತ್ರ ಬಲ್ಲವರಿಗೆ ವ್ಯಾಪಾರ ಬಾರದು ಎಂಬುದಕ್ಕೆ ನನ್ನ ಸುತ್ತಲೇ ಸಾಕಷ್ಟು ಸಾಕ್ಷಿಗಳಿವೆ, ಆದ್ದರಿಂದ ನನಗೆ ಆಶ್ಚರ್ಯವಿಲ್ಲ.

1880ರಲ್ಲಿ ಹಕ್ಕನ್ನು ಸುಮಾರು ಸಾವಿರ ಮಾರ್ಕಿಗೆ ಮಾರಿಬಿಟ್ಟರು. ಕೊಂಡವನು ಫ್ರೀಡ್ರಿಖ್ ಅಡೋಲ್ಫ್ ರಿಕ್ಟರ್. ಔಷಧಿ ವ್ಯಾಪಾರಿ. 'ಪೇನ್ ಎಕ್ಸ್‌ಪೆಲ್ಲರ್' ಎಂಬ ನೋವಿನ ಎಣ್ಣೆಯನ್ನು ಲಂಗರಿನ ಗುರುತು ಹಾಕಿ ದೇಶದೇಶಗಳಲ್ಲಿ ಮಾರುತ್ತಿದ್ದವನು. ಅವನ ಕಾರ್ಖಾನೆ ಇದ್ದದ್ದು ರುಡೊಲ್‌ಸ್ಟಾಟಿನಲ್ಲಿ. ತಲೆನೋವಿನ ಎಣ್ಣೆಗೆ ಹೊಡೆಯುತ್ತಿದ್ದ ಅದೇ ಲಂಗರು ಮುಂದೆ ಇಟ್ಟಿಗೆಯ ಪೆಟ್ಟಿಗೆಗೂ ಬಂತು. ನ್ಯೂಯಾರ್ಕ್, ವಿಯೆನ್ನಾ, ಸೇಂಟ್ ಪೀಟರ್ಸ್‌ಬರ್ಗ್‌ಗಳಲ್ಲಿ ಶಾಖೆಗಳಾದವು. ಅಣ್ಣತಮ್ಮಂದಿರು ಗಳಿಸಲಾಗದ್ದನ್ನು ಈ ಮನುಷ್ಯ ಗಳಿಸಿ ದೊಡ್ಡ ಸಾಹುಕಾರನಾದ.

ಗುಸ್ತಾವ್ ಈ ನಡುವೆ ಆಸ್ಟ್ರೇಲಿಯಾಕ್ಕೆ ಹೋಗಿ ಕೆಲವು ವರ್ಷ ಇದ್ದು ಬಂದ. ಬಂದು ನೋಡಿದರೆ ತಮ್ಮ ಇಟ್ಟಿಗೆ ಮನೆಮನೆಯಲ್ಲಿದೆ, ಹಣ ಬೇರೆಯವರಲ್ಲಿದೆ. ಅಣ್ಣತಮ್ಮ ಮತ್ತೆ ಸ್ವಂತವಾಗಿ ತಯಾರಿಸಲು ಹೊರಟರು. ರಿಕ್ಟರ್ ದಾವೆ ಹೂಡಿದ. ತಾವೇ ಹುಟ್ಟಿಸಿದ ವಸ್ತುವನ್ನು ಮಾಡಿದ ತಪ್ಪಿಗೆ ಇವರು ಸೋತರು. ಕಾನೂನು ರಿಕ್ಟರನ ಪರವಾಗಿ ಇದ್ದದ್ದು ಸರಿಯೇ, ಮಾರಿದ್ದು ಮಾರಿದ್ದೇ. ಆದರೂ ಓದುವಾಗ ಹೊಟ್ಟೆ ಚುರುಕ್ಕೆನ್ನುತ್ತದೆ.

ಅವರು ಅಲ್ಲಿಗೇ ಕೂಡಲಿಲ್ಲ. ತೂತು ಕೊರೆದ ಪಟ್ಟಿಗಳನ್ನು ಜೋಡಿಸುವ ಇನ್ನೊಂದು ಆಟಿಕೆ ಮಾಡಿದರು, ಮೆಕಾನೋ ಬರುವ ಮೊದಲೇ. ಗುಸ್ತಾವ್ ಬರ್ಲಿನ್ನಿನ ಲಿಖ್ಟರ್‌ಫೆಲ್ಡೆ ಬಡಾವಣೆಯಲ್ಲಿ ಬುರುಜು, ತೆನೆಗೋಡೆಗಳ ಮನೆಗಳನ್ನು ಕಟ್ಟಿಸಿದ. ಅವುಗಳ ಫೋಟೊ ನೋಡಿದರೆ ಯಾರೋ ದೊಡ್ಡ ಹುಡುಗ ದೊಡ್ಡ ಪೆಟ್ಟಿಗೆ ಬಿಚ್ಚಿ ಆಡಿದಂತಿದೆ. ಓಟೊ 1889ರಲ್ಲಿ ಹಕ್ಕಿಗಳ ಹಾರಾಟದ ಬಗ್ಗೆ ಪುಸ್ತಕ ಬರೆದ, 1891ರಿಂದ ತಾನೇ ಹಾರತೊಡಗಿದ. ಹಾರಲೆಂದೇ ಹದಿನೈದು ಮೀಟರಿನ ಮಣ್ಣಿನ ಗುಡ್ಡ ಹಾಕಿಸಿಕೊಂಡ. ಐದಾರು ವರ್ಷಗಳಲ್ಲಿ ಸುಮಾರು ಎರಡು ಸಾವಿರ ಸಲ ನೆಲ ಬಿಟ್ಟವನು, 1896ರ ಆಗಸ್ಟ್ 9ರಂದು ಗಾಳಿ ಕೈಕೊಟ್ಟು ಬಿದ್ದ. ಮರುದಿನ ತೀರಿಕೊಂಡ. ನಲವತ್ತೆಂಟು ವಯಸ್ಸು. ಅಂಟು ಇಲ್ಲದೆ, ಕೇವಲ ತೂಕದಿಂದ ಒಂದರ ಮೇಲೊಂದು ನಿಲ್ಲುವ ಕಲ್ಲು ಮಾಡಿದವನೇ ತೂಕವನ್ನು ಗಾಳಿಯಲ್ಲಿ ನಿಲ್ಲಿಸಲು ಹೋದ. ಯೇನಾದ ಆ ಹೆಂಗಸಿಗೆ ಇದು ಗೊತ್ತಿರಲಿಲ್ಲ. ನಾನು ಆಮೇಲೆ ಓದಿ ಹೇಳಿದಾಗ ಕಲ್ಲನ್ನು ತಿರುಗಿಸಿ ನೋಡಿದರು, ಎಲ್ಲಾದರೂ ಅವನ ಹೆಸರಿದೆಯೇ ಎಂಬಂತೆ. ಇರಲಿಲ್ಲ.

ಇಷ್ಟಾದರೂ ರಿಕ್ಟರನನ್ನು ಬರೀ ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಕಲ್ಲು ಲಿಲಿಯೆಂಟಾಲರದ್ದು, ಪೆಟ್ಟಿಗೆ ಅವನದ್ದು. ಪೆಟ್ಟಿಗೆ ಸಾಮಾನ್ಯದ್ದಲ್ಲ. ಪ್ರತಿಯೊಂದು ಆಕಾರಕ್ಕೂ ಒಂದು ನಂಬರು. ಪೆಟ್ಟಿಗೆಗಳಿಗೂ ನಂಬರು. ಮೊದಲು 6ನೇ ನಂಬರಿನ ಪೆಟ್ಟಿಗೆ ಕೊಂಡಿರೆಂದುಕೊಳ್ಳಿ. ಮುಂದಿನ ಹುಟ್ಟುಹಬ್ಬಕ್ಕೆ '6ಎ' ಎಂಬ ಪೂರಕ ಪೆಟ್ಟಿಗೆ. ಎರಡೂ ಸೇರಿದರೆ ಅದು 8ನೆಯದಾಗುತ್ತದೆ. ಅದಕ್ಕೆ '8ಎ' ಸೇರಿಸಿದರೆ 10. ಹೀಗೆ ಏರುತ್ತ ಹೋದರೆ ಕೊನೆಗೆ ಸಾವಿರಕ್ಕೂ ಮೇಲೆ ಕಲ್ಲುಗಳು, ಮೇಜಿನ ಮೇಲೆ ಕಮಾನು ಕಮಾನಾಗಿ ಏಳುವ ಇಗರ್ಜಿಗಳು, ಸೇತುವೆಗಳು, ಕೋಟೆಗಳು. ಕೊಂಡದ್ದು ಯಾವುದೂ ವ್ಯರ್ಥವಲ್ಲ. ಚಿಕ್ಕದು ದೊಡ್ಡದರ ಹೊಟ್ಟೆಯೊಳಗೆ ಉಳಿಯುತ್ತದೆ. ಕಲ್ಲು ಕಳೆದರೆ ನಂಬರು ಬರೆದು ಅದೊಂದನ್ನೇ ತರಿಸಿಕೊಳ್ಳಬಹುದಿತ್ತು. ತಾತ ಕೊಂಡ ಪೆಟ್ಟಿಗೆಗೆ ಮೊಮ್ಮಗ ಕಲ್ಲು ಸೇರಿಸಬಹುದಿತ್ತು. ಇದು ವ್ಯಾಪಾರದ ಜಾಣತನವೇ, ಒಪ್ಪಿದೆ; ಆದರೆ ಅದರೊಳಗೆ ಒಂದು ಮಾತೂ ಇತ್ತು: ನಾವು ಇಲ್ಲೇ ಇರುತ್ತೇವೆ, ಅಳತೆ ಬದಲಾಗುವುದಿಲ್ಲ.

ಇನ್ನೊಂದು ನಿಯಮವೂ ಇತ್ತು. ಮುಚ್ಚಳದ ಒಳಮೈಗೆ ಒಂದು ನಕ್ಷೆ ಅಂಟಿಸಿರುತ್ತಾರೆ. ಯಾವ ಕಲ್ಲು ಯಾವ ಸಾಲಿನಲ್ಲಿ, ಯಾವುದರ ಮಗ್ಗುಲಲ್ಲಿ ಕೂರಬೇಕೆಂದು. ಆಟ ಮುಗಿದ ಮೇಲೆ ಹಾಗೆಯೇ ಜೋಡಿಸಿದರೆ ಮಾತ್ರ ಮುಚ್ಚಳ ಮುಚ್ಚುತ್ತದೆ. ಕಟ್ಟುವುದಕ್ಕಿಂತ ಇದೇ ಕಷ್ಟ, ನಾನು ಮಾಡಿ ನೋಡಿ ಹೇಳುತ್ತಿದ್ದೇನೆ. ಈ ಬುದ್ಧಿ ಆ ನೆಲದ್ದೇ ಇರಬೇಕು ಎಂದು ನನ್ನ ಅನುಮಾನ. ರುಡೊಲ್‌ಸ್ಟಾಟಿನ ಪಕ್ಕದಲ್ಲೇ ಬಾಡ್ ಬ್ಲಾಂಕೆನ್‌ಬುರ್ಗ್. ಅಲ್ಲಿ 1837ರಲ್ಲಿ ಫ್ರೋಬೆಲ್ ಎಂಬ ಮೇಷ್ಟ್ರು ಚಿಕ್ಕ ಮಕ್ಕಳ ಆಟದ ಸಂಸ್ಥೆ ಆರಂಭಿಸಿ, 1840ರಲ್ಲಿ ಅದಕ್ಕೆ ಇಟ್ಟ ಹೆಸರೇ ಕಿಂಡರ್‌ಗಾರ್ಟನ್, ಮಕ್ಕಳ ತೋಟ. ನಮ್ಮ ಓಣಿಓಣಿಯ ಕೆಜಿಗಳ ಆ 'ಕೆ' ಅಲ್ಲಿಂದ ಬಂದದ್ದು. ಅವನು ಮಕ್ಕಳ ಕೈಗೆ ಕೊಡುತ್ತಿದ್ದ ಮರದ ಘನ ಎಂಟು ಚಿಕ್ಕ ಘನಗಳಾಗಿ ಬಿಡಿಬಿಡಿಯಾಗುತ್ತಿತ್ತು. ಆಟದ ಕೊನೆಗೆ ಮತ್ತೆ ಇಡಿಯಾಗಿ ಡಬ್ಬಿಗೆ ಸೇರಬೇಕು. ಹಾಗೆ ಬಿಡಿ ಮಾಡಿ ಇಡಿ ಮಾಡುವ ಪಾಠ ಐವತ್ತು ವರ್ಷಗಳ ಮೇಲೆ ಪಕ್ಕದೂರಿನ ಔಷಧಿ ವ್ಯಾಪಾರಿಯ ಮುಚ್ಚಳದೊಳಗೆ ಬಂದು ಕೂತಿತು.

ಈ ಕಲ್ಲುಗಳಲ್ಲಿ ಆಡಿದ ಮಕ್ಕಳಲ್ಲಿ ಒಬ್ಬನ ಹೆಸರು ಹೇಳದಿದ್ದರೆ ಅಂಕಣ ಪೂರ್ತಿಯಾಗದು. ಐನ್‌ಸ್ಟೈನ್. ಅವನ ತಂಗಿ ಮಾಯಾ ಅಣ್ಣನ ಬಾಲ್ಯದ ಬಗ್ಗೆ ಬರೆದ ನೆನಪುಗಳಲ್ಲಿ ಈ ಲಂಗರಿನ ಪೆಟ್ಟಿಗೆ ಬರುತ್ತದೆ. ಇಸ್ಪೀಟೆಲೆಗಳಲ್ಲಿ ಹದಿನಾಲ್ಕು ಅಂತಸ್ತಿನ ಮನೆ ಕಟ್ಟುತ್ತಿದ್ದನೆಂದೂ ಆಕೆ ಬರೆದಿದ್ದಾಳೆ. ಹಾಗಂತ ನಿಮ್ಮ ಮಕ್ಕಳಿಗೆ ಕೊಡಿಸಿ ಕಾಯಬೇಡಿ. ಲಕ್ಷಾಂತರ ಮಕ್ಕಳು ಇದೇ ಕಲ್ಲಿನಲ್ಲಿ ಆಡಿ ಬ್ಯಾಂಕಿನ ಗುಮಾಸ್ತರಾಗಿ ಸುಖವಾಗಿದ್ದರು.

ರಿಕ್ಟರ್ 1910ರಲ್ಲಿ ಸತ್ತ. ನಾಲ್ಕು ವರ್ಷಕ್ಕೆ ಮಹಾಯುದ್ಧ. ಅಮೆರಿಕ ಯುದ್ಧಕ್ಕಿಳಿದ ಮೇಲೆ ನ್ಯೂಯಾರ್ಕಿನ ಶಾಖೆ ಶತ್ರುವಿನ ಆಸ್ತಿಯೆಂದು ಹೋಯಿತು. ಇನ್ನೊಂದು ಯುದ್ಧ ಮುಗಿಯುವಾಗ ರುಡೊಲ್‌ಸ್ಟಾಟ್ ಪೂರ್ವ ಜರ್ಮನಿಯ ಪಾಲಿಗೆ ಬಂದು, ಕಾರ್ಖಾನೆ ಸರ್ಕಾರದ ಕೈ ಸೇರಿತು. ಆಮೇಲೂ ಕಲ್ಲು ಒತ್ತುತ್ತಲೇ ಇದ್ದರು. ಆದರೆ ಕಾಲ ಬೇರೆಯಾಗಿತ್ತು. 1958ರ ಜನವರಿಯಲ್ಲಿ ಡೆನ್ಮಾರ್ಕಿನ ಲೆಗೊದವರು ಒಳಗೆ ಕೊಳವೆಗಳಿರುವ, ಒಂದಕ್ಕೊಂದು ಗಟ್ಟಿಯಾಗಿ ಕಚ್ಚುವ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಕೇಳಿದರು. ಅದೇ ವರ್ಷ ಪೂರ್ವ ಜರ್ಮನಿಯೂ ಲೊಯ್ನಾದಲ್ಲಿ ದೊಡ್ಡ ಸಮ್ಮೇಳನ ಮಾಡಿ, ನಮ್ಮ ಭವಿಷ್ಯ ರಸಾಯನ ಉದ್ಯಮದಲ್ಲಿದೆ ಎಂದು ಸಾರಿತು. ತಟ್ಟೆ, ಬಕೆಟ್ಟು, ಗೊಂಬೆ ಎಲ್ಲ ಪ್ಲಾಸ್ಟಿಕ್ಕಿನತ್ತ ಹೊರಟ ಕಾಲ. ಅದರ ನಡುವೆ ಮರಳಿಗೆ ಅಗಸೆ ಎಣ್ಣೆ ಕಲಸುವವರನ್ನು ಯಾರು ಕೇಳುತ್ತಾರೆ? 1963ರಲ್ಲಿ ನಿಲ್ಲಿಸಿದರು.

ಆಟಿಕೆಯೊಂದು ನಿಂತರೆ ಆಗುವುದೇನು? ಅಂಗಡಿಯಲ್ಲಿ ಇನ್ನೊಂದು ಬರುತ್ತದೆ. ಮಕ್ಕಳಿಗೆ ಗೊತ್ತೂ ಆಗುವುದಿಲ್ಲ. ನಾನೂ ಹಾಗೆಯೇ ತಿಳಿದಿದ್ದೆ, ಆ ಭಾನುವಾರದವರೆಗೆ.

ಕಾಫಿ ಮುಗಿದ ಮೇಲೆ ಆಕೆ ಕಲ್ಲುಗಳನ್ನು ನಕ್ಷೆಯ ಪ್ರಕಾರ ಒಂದೊಂದಾಗಿ ಒಳಗಿಟ್ಟರು. ನೋಡಿಕೊಳ್ಳದೆಯೇ ಇಡುತ್ತಿದ್ದರು, ಬೆರಳಿಗೇ ಗೊತ್ತಿತ್ತು. ಕೊನೆಯ ಸಾಲಿನಲ್ಲಿ ಒಂದು ನೀಲಿ ತುಂಡು ಮಾತ್ರ ಇಡುವಾಗ ಸದ್ದು ಬೇರೆ ಬಂತು. ಟಕ್ ಎನ್ನಲಿಲ್ಲ, ಟೊಕ್ ಎಂದಿತು. ತೆಗೆದು ನನ್ನ ಕೈಗೆ ಕೊಟ್ಟರು. ಮರದ್ದು, ನೀಲಿ ಬಣ್ಣ ಬಳಿದದ್ದು. ಅಸಲು ಕಲ್ಲನ್ನು ಅವರು ಚಿಕ್ಕವರಿದ್ದಾಗ ಎಲ್ಲೋ ಕಳೆದಿದ್ದರಂತೆ. ನಂಬರು ಬರೆದು ತರಿಸೋಣ ಎಂದು ಅಪ್ಪ ಹೇಳುತ್ತಲೇ ದಿನ ಹೋಯಿತು. ಕೇಳುವ ಹೊತ್ತಿಗೆ ಕಾರ್ಖಾನೆಯೇ ನಿಂತಿತ್ತು. ಒಂದು ಕಲ್ಲು ಕಡಿಮೆಯಾದರೆ ಉಳಿದವು ಸಡಿಲವಾಗಿ ಪೆಟ್ಟಿಗೆಯೊಳಗೆ ಗಡಗಡ ಎನ್ನುತ್ತವೆ. ಅಪ್ಪ ಬೀಚ್ ಮರದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಅಳತೆಗೆ ತಂದರು. ನಾನು ಬೆರಳಾಡಿಸಿ ನೋಡಿದೆ. ಅಂಚು ಸ್ವಲ್ಪ ದುಂಡಗಾಗಿತ್ತು, ಅಳತೆ ಮಾತ್ರ ತಪ್ಪಿರಲಿಲ್ಲ.

"ಈಗ ಮತ್ತೆ ತಯಾರಿಸುತ್ತಾರೆ, ಗೊತ್ತೇ" ಎಂದರು. ನಿಂತದ್ದನ್ನು ಮರೆಯದ ಜನ ಇದ್ದರು. 1979ರಲ್ಲಿ ನೆದರ್ಲೆಂಡ್ಸಿನಲ್ಲಿ ಈ ಕಲ್ಲಿನ ಅಭಿಮಾನಿಗಳು ಸಂಘ ಕಟ್ಟಿಕೊಂಡು ಹಳೆಯ ಪೆಟ್ಟಿಗೆ, ಹಳೆಯ ನಕ್ಷೆಗಳನ್ನು ಹುಡುಕಿ ಕೂಡಿಟ್ಟರು. ಗೋಡೆ ಬಿದ್ದ ಮೇಲೆ, 1995ರಲ್ಲಿ, ರುಡೊಲ್‌ಸ್ಟಾಟಿನಲ್ಲೇ ಹೊಸ ಕಂಪನಿಯೊಂದು ಅದೇ ಮರಳು, ಸುಣ್ಣ, ಅಗಸೆ ಎಣ್ಣೆಯಿಂದ ಮತ್ತೆ ಶುರುಮಾಡಿತು. ಮೂವತ್ತೆರಡು ವರ್ಷಗಳ ಮೇಲೆ ಹಳೆಯ ಪೆಟ್ಟಿಗೆಗೆ ಮತ್ತೆ ಕಲ್ಲು. ಹಾಗಿದ್ದರೆ ನೀವು ಆ ನೀಲಿ ಕಲ್ಲು ತರಿಸಲಿಲ್ಲವೇ ಎಂದು ನಾನು ಕೇಳಿದೆ. ಆಕೆ ನನ್ನ ಕೈಯಿಂದ ಮರದ ತುಂಡನ್ನು ತೆಗೆದುಕೊಂಡು, ಅದರ ಜಾಗಕ್ಕೆ ಒತ್ತಿ, ಮುಚ್ಚಳ ಜರುಗಿಸಿ, ಇನ್ನಷ್ಟು ಕಾಫಿ ಬೇಕೇ ಎಂದರು.

ಮುಂದಿನ ಶನಿವಾರ ರೈಲು ಹಿಡಿದು ರುಡೊಲ್‌ಸ್ಟಾಟಿಗೆ ಹೋದೆ. ಸಾಲೆ ನದಿಯ ದಂಡೆಗುಂಟ ಹೋಗುವ ದಾರಿ. ಊರ ಮೇಲೆ ಗುಡ್ಡದಲ್ಲಿ ಹೈಡೆಕ್ಸ್‌ಬುರ್ಗ್ ಅರಮನೆ, ಕೆಳಗೆ ಸಣ್ಣ ಪೇಟೆ. ಗಯಟೆ ಮತ್ತು ಶಿಲ್ಲರ್ ಮೊದಲು ಭೇಟಿಯಾದದ್ದು ಇದೇ ಊರಿನಲ್ಲಿ. ಅದರ ಫಲಕದ ಮುಂದೆ ನಿಂತಿದ್ದವರ ನಡುವೆ ಆಟಿಕೆ ಅಂಗಡಿ ಎಲ್ಲಿ ಎಂದು ಕೇಳಿದವನು ನಾನೊಬ್ಬನೇ. ಒಂದು ಪೆಟ್ಟಿಗೆ ಕೊಂಡೆ. ವಿಮಾನದ ಇಪ್ಪತ್ತು ಕಿಲೋ ಮಿತಿಯಲ್ಲಿ ಚಾಕೊಲೇಟಿನ ಜಾಗವೆಲ್ಲ ಅದಕ್ಕೇ ಹೋಯಿತು.

ಮಗಳಿಗೆಂದು ತಂದದ್ದು. ಆದರೆ ಅವಳಿಗೆ ಆಗಲೇ ಹದಿನಾರು. ಪೆಟ್ಟಿಗೆ ತೆರೆದು ನೋಡಿ, "ನನ್ನ ಇಟ್ಟಿಗೆಗಳನ್ನು ನೀವೇ ರದ್ದಿಯವನಿಗೆ ಹಾಕಿದಿರಲ್ಲ ಅಪ್ಪಾ" ಎಂದಳು. ಸಿಟ್ಟಿನಿಂದಲ್ಲ, ಸುಮ್ಮನೆ ನೆನಪು ಮಾಡಿದಂತೆ. ನಿಜ. ಚಿಂಚ್‌ವಡದಿಂದ ಕೋಥ್ರೂಡಿಗೆ ಬರುವಾಗ ಅರ್ಧ ಗೋಣಿ ಪ್ಲಾಸ್ಟಿಕ್ ಇಟ್ಟಿಗೆಗಳನ್ನು, ಅರ್ಧ ಕಳೆದಿವೆ, ಇನ್ನು ಯಾತಕ್ಕೆ ಎಂದು ತೂಕಕ್ಕೆ ಹಾಕಿದ್ದೆ. ಅವಳಿಗೆ ಆಗ ಒಂಬತ್ತು ವರ್ಷ; ಶಾಲೆಯಿಂದ ಬರುವಷ್ಟರಲ್ಲಿ ಟೆಂಪೊ ತುಂಬಿತ್ತು. ಆ ದಿನ ಅವಳು ಏನೂ ಅಂದಿರಲಿಲ್ಲ. ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು ಎಂದು ನನಗೆ ತಿಳಿದದ್ದು ಆಗಲೇ. ಕಲ್ಲಿನ ಪೆಟ್ಟಿಗೆ ಕಪಾಟಿನ ಮೇಲೇರಿತು. ಆಮೇಲಿನ ಎಲ್ಲ ಮನೆಗಳಿಗೂ ನಾನೇ ಹೊತ್ತು ತಂದೆ, ಈ ಸಲ ಸೊಂಟ ನೋವಿದ್ದದ್ದರಿಂದ ಹುಡುಗನ ಕೈಗೆ ಬಂತು.

ಹೋದ ಭಾನುವಾರ ಮಗಳು ಬಂದಿದ್ದಳು, ಮೊಮ್ಮಗನ ಜೊತೆ. ಆರು ವರ್ಷದವನು. ಹೊಸ ಮನೆಯಲ್ಲಿ ಟಿವಿಗೆ ಇನ್ನೂ ಸಂಪರ್ಕ ಬಂದಿರಲಿಲ್ಲ, ಅದೇ ಅನುಕೂಲವಾಯಿತು. ಪೆಟ್ಟಿಗೆ ಇಳಿಸಿಕೊಟ್ಟೆ. ಎರಡು ಹಳದಿ ಕಂಬ ನಿಲ್ಲಿಸಿ ಕೆಂಪು ಕಮಾನು ಇಟ್ಟು, ಇನ್ನೊಂದು ಕಲ್ಲನ್ನು ಮೇಲಿನಿಂದ ಜೋರಾಗಿ ಒತ್ತಿದ, ಕಚ್ಚಿಕೊಳ್ಳಲಿ ಎಂದು. ಎಲ್ಲ ಕುಸಿಯಿತು. "ಇದು ಅಂಟೋದೇ ಇಲ್ಲ ಅಜ್ಜಾ, ಹಾಳಾಗಿದೆ" ಎಂದ. ಹಾಳಾಗಿಲ್ಲ, ಹಾಗೇ ಇರುವುದು ಎಂದೆ. ನಂಬಲಿಲ್ಲ. ಅವನಮ್ಮ ಬಂದು ನೆಲದ ಮೇಲೆ ಕೂತು, ಕಲ್ಲನ್ನು ಒತ್ತದೆ ಬರೀ ಇಟ್ಟು ಕೈ ತೆಗೆಯುವುದನ್ನು ತೋರಿಸಿದಳು. ಮೂರನೆಯ ಸಲಕ್ಕೆ ಕಮಾನು ನಿಂತಿತು. ಉಸಿರು ಬಿಗಿಹಿಡಿದು ಇಬ್ಬರೂ ಸಂಜೆಯವರೆಗೆ ಕಟ್ಟಿದರು. ಊಟಕ್ಕೆ ಎರಡು ಸಲ ಕರೆಯಬೇಕಾಯಿತು. ಅವಳು ಹದಿನಾರರಲ್ಲಿ ಒಮ್ಮೆ ತೆರೆದು ಮುಚ್ಚಿದ್ದು ಬಿಟ್ಟರೆ ಈ ಕಲ್ಲುಗಳನ್ನು ಮುಟ್ಟಿದ್ದೇ ಈಗ.

ರಾತ್ರಿ ಹೊರಡುವ ಮುಂಚೆ ಮುಚ್ಚಳದ ನಕ್ಷೆ ನೋಡಿಕೊಂಡು ಜೋಡಿಸಿದರು. ಹುಡುಗ ನಂಬರು ಓದುವುದು, ತಾಯಿ ಹುಡುಕುವುದು. ಕೊನೆಗೆ ಒಂದು ಜಾಗ ಖಾಲಿ ಉಳಿಯಿತು. ನೀಲಿಯದು, ಮಾಳಿಗೆಯ ಸಣ್ಣ ತುಂಡು. ಸೋಫಾದ ಕೆಳಗೆ ಟಾರ್ಚು ಹಾಕಿ ನೋಡಿದೆವು, ಇಲ್ಲ. ಹಳೆಯ ಮನೆಯಲ್ಲಿ ಪೆಟ್ಟಿಗೆ ಜಗ್ಗಿದಾಗ ಬಿದ್ದವನ್ನು ನಾನೇ ಎತ್ತಿಟ್ಟಿದ್ದೆ, ಲೆಕ್ಕ ಹಾಕಿರಲಿಲ್ಲ. ರುಡೊಲ್‌ಸ್ಟಾಟಿಗೆ ಬರೆದು ಕೇಳಿದರಾಯಿತು, ನಂಬರು ಇದೆಯಲ್ಲ ಎಂದಳು ಮಗಳು. ಇನ್ನೂ ಬಿಚ್ಚದ ರಟ್ಟಿನ ಡಬ್ಬಿ ಹನ್ನೊಂದಿವೆ, ಮೊದಲು ಅವನ್ನು ನೋಡೋಣ ಎಂದೆ.